ಮುಂದಕ್ಕೇ ಹೋಗದ ಫ್ಯಾಂಟಸಿ ಕಾದಂಬರಿನ ಹೇಗೆ ಓದೋದು, ಎಲ್ಲಿ ಬಿಡೋದು

ಡೊಂಬಿವಲಿಯಿಂದ ಮುಂಬೈ ಸಿಎಸ್‌ಎಂಟಿ ಸ್ಟೇಷನ್‌ಗೆ ಸ್ಲೋ ಲೋಕಲ್ ಟ್ರೇನಲ್ಲಿ ಕೂತ್ಕೊಂಡು ಹೋಗೋ ಪುಣ್ಯ ಸಿಕ್ರೆ ಆರಾಮಾಗಿ ಒಂದು ಗಂಟೆ ಓದ್ಬಹುದು, ಆದ್ರೆ ಕೈಲಿರೋದು ದಪ್ಪ ಫ್ಯಾಂಟಸಿ, ಠಾಣೆ ದಾಟಿದ್ರೂ ರಾಜಕುಮಾರಿ ಇನ್ನೂ ಕಿಟಕಿ ಹತ್ರ ನಿಂತು ಅಳ್ತಾನೇ ಇದಾಳೆ ಅಂದ್ರೆ ಏನ್ ಮಾಡೋದು?

ಮೊದ್ಲು ಪುಸ್ತಕಕ್ಕೆ 50 ಪೇಜ್ ಅವಕಾಶ ಕೊಡಿ. ಇದು ನನ್ ರೂಲ್ ಅಲ್ಲ, ಅಮೆರಿಕದ ಲೈಬ್ರರಿಯನ್ ನ್ಯಾನ್ಸಿ ಪರ್ಲ್ ಹೇಳಿದ್ದು, ವಯಸ್ಸು 50 ದಾಟಿದ್ರೆ 100ರಲ್ಲಿ ನಿಮ್ ವಯಸ್ಸು ಕಳೆದು ಉಳಿದಷ್ಟೇ ಪೇಜ್ ಓದಿದ್ರೆ ಸಾಕಂತೆ, ಅಂದ್ರೆ 62ರ ನಮ್ ಸೋದರಮಾವಂಗೆ ಬರೀ 38.

ಆಮೇಲೆ ಪುಸ್ತಕ ಮುಚ್ಚಿ ಪಕ್ಕದವ್ರಿಗೆ ಕತೆ ಹೇಳಿ ನೋಡಿ: ಹೀರೋಗೆ ಏನ್ ಬೇಕು, ಯಾರ್ ಅಡ್ಡ ಬರ್ತಿದಾರೆ, ಸಿಗ್ದಿದ್ರೆ ಏನ್ ಹಾಳಾಗುತ್ತೆ. ಮೂರಕ್ಕೂ ಉತ್ರ ಇಲ್ವಾ, ತಪ್ಪು ನಿಮ್ದಲ್ಲ. ಸ್ಲೋ ಇರೋದೇ ದೋಷ ಅಲ್ಲ ಮತ್ತೆ, ನಿಧಾನವಾಗಿ ಆ ಲೋಕದ ಊಟ, ದುಡ್ಡು, ಜಗಳ ಎಲ್ಲಾ ತೋರಿಸ್ತಿದ್ರೆ ನಾನಂತೂ ಕಾಯ್ತೀನಿ, ಬರೀ ಕಣ್ಣೀರು ಬೆಳದಿಂಗಳು ಹಳೇ ನೆನಪು ಅಂತ ಸುತ್ತಿಸಿದ್ರೆ ತಲೆ ಕೆಡುತ್ತೆ. ಪಾತ್ರ ಅತ್ತ ಮಾತ್ರಕ್ಕೆ ನಮ್ಗೆ ಅಳು ಬರಲ್ಲ ಕಣ್ರೀ.

ಇನ್ನೂ ಆಸೆ ಇದ್ರೆ ವರ್ಣನೆ ಹಾರಿಸಿ ಮಾತುಕತೆ ಮಾತ್ರ ಓದ್ತಾ ಹೋಗಿ, ಕನಸಿನ ಸೀನ್ ಪೂರ್ತಿ ಬಿಡಿ, ಏನೂ ಮಿಸ್ ಆಗಲ್ಲ. ಆಗ್ಲೂ ಎಳೀಲಿಲ್ವಾ, ಮಾಟುಂಗಾದಲ್ಲಿ ಇಳಿದು ಕಿಂಗ್ಸ್ ಸರ್ಕಲ್ ಫುಟ್‌ಪಾತಲ್ಲಿ ಹಳೇ ಪುಸ್ತಕ ಮಾರೋರಿಗೆ ಅದನ್ನ ಕೊಟ್ಬಿಡಿ, ಅವ್ರು ಕೊಟ್ಟಷ್ಟು ದುಡ್ಡು ಇಸ್ಕೊಂಡು ಅಲ್ಲೇ ಫಿಲ್ಟರ್ ಕಾಫಿ ಕುಡೀರಿ.