ಎರಡನೆಯ ಯಂತ್ರದ ನಾಲ್ಕನೆಯ ಗುಂಡಿ

2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಿಂದ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಅವರ ಪರವಾಗಿ ಮದ್ದೂರು ತಾಲ್ಲೂಕಿನ ಕೆಲವು ಹಳ್ಳಿಗಳ ಬೂತ್ ಕೆಲಸ ನೋಡಿಕೊಂಡವರಲ್ಲಿ ನಾನೂ ಒಬ್ಬ. ಆ ಚುನಾವಣೆಯನ್ನು ನೆನೆಯುವವರು ಹೆಚ್ಚಾಗಿ ‘ಜೋಡೆತ್ತು’ ಎಂದು ಹೆಸರಾದ ದರ್ಶನ್ ಮತ್ತು ಯಶ್ ಅವರನ್ನೂ, ಅವರ ತೆರೆದ ವಾಹನದ ಹಿಂದೆ ಸೇರುತ್ತಿದ್ದ ಜನರನ್ನೂ ನೆನೆಯುತ್ತಾರೆ. ಅಷ್ಟು ಜನ ಸೇರಿದ್ದು ನಿಜ. ಆದರೆ ಅವರ ಅಭಿಮಾನವನ್ನು ಮತಯಂತ್ರದ ಸರಿಯಾದ ಗುಂಡಿಯವರೆಗೆ ತಲುಪಿಸುವುದು ಬೇರೆಯದೇ ಕೆಲಸ. ಅದನ್ನು ನಾವು ಹೇಗೆ ಮಾಡಿದೆವು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. ಆಗ ರಾಜ್ಯದಲ್ಲಿದ್ದದ್ದು ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿ ಸರ್ಕಾರ. ಹೊಂದಾಣಿಕೆಯಲ್ಲಿ ಮಂಡ್ಯ ಜೆಡಿಎಸ್ ಪಾಲಾಗಿ, ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮಗ, ನಟ ನಿಖಿಲ್ ಕುಮಾರಸ್ವಾಮಿ ಅಭ್ಯರ್ಥಿಯಾದರು. ಮಳವಳ್ಳಿಯಿಂದ ಕೃಷ್ಣರಾಜನಗರದವರೆಗೆ ಈ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಎಂಟೂ ವಿಧಾನಸಭಾ ಕ್ಷೇತ್ರಗಳಲ್ಲಿ ಹಿಂದಿನ ವರ್ಷವಷ್ಟೇ ಗೆದ್ದಿದ್ದದ್ದು ಜೆಡಿಎಸ್. ಎದುರಿಗಿದ್ದವರೂ ಸಿನಿಮಾದವರೇ ಆದ್ದರಿಂದ ತಾರಾವರ್ಚಸ್ಸೊಂದನ್ನೇ ನೆಚ್ಚಿಕೊಂಡು ಕೂರುವಂತಿರಲಿಲ್ಲ.

ಪಕ್ಷೇತರರಾಗಿ ನಿಲ್ಲುವುದೆಂದರೆ ಕಾನೂನಿನ ಲೆಕ್ಕದಲ್ಲಿಯೂ ಹಲವು ಹೆಜ್ಜೆ ಹಿಂದಿನಿಂದ ಓಟ ಆರಂಭಿಸುವುದು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಕ್ಷೇತ್ರದ ಒಬ್ಬ ಮತದಾರ ಸೂಚಕನಾದರೆ ಸಾಕು. ಪಕ್ಷೇತರರಿಗೆ ಹತ್ತು ಮಂದಿ ಬೇಕು. ಪಕ್ಷದ ತಾರಾ ಪ್ರಚಾರಕರ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಪಕ್ಷೇತರರಿಗೆ ಅಂಥ ಪಟ್ಟಿಯೇ ಇಲ್ಲವಾದ್ದರಿಂದ, ನಾಡಿನ ದೊಡ್ಡ ನಟರೇ ಬಂದು ಪ್ರಚಾರ ಮಾಡಿದರೂ ಅವರ ವಾಹನ, ಮೈಕು, ಶಾಮಿಯಾನದ ಖರ್ಚೆಲ್ಲ ಆಗಿನ 70 ಲಕ್ಷ ರೂಪಾಯಿ ಮಿತಿಯೊಳಗೇ ಅಡಗಬೇಕು. ನಮ್ಮ ಹಳ್ಳಿಗಳಿಗೆ ಬಂದ ಪ್ರತಿಯೊಂದು ವಾಹನದ ಅನುಮತಿ ಪತ್ರ ಮತ್ತು ಬಾಡಿಗೆ ರಸೀದಿಯನ್ನು ಅಂದಂದೇ ಪಡೆದು ಮೇಲಿನವರಿಗೆ ತಲುಪಿಸುವುದು ನಮ್ಮ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು.

ಎಲ್ಲಕ್ಕಿಂತ ಕಠಿಣವಾದದ್ದು ಚಿಹ್ನೆಯ ಪ್ರಶ್ನೆ. ಪಕ್ಷದ ಚಿಹ್ನೆ ಮತದಾರನಿಗೆ ದಶಕಗಳಿಂದ ಪರಿಚಿತವಾಗಿರುತ್ತದೆ. ಪಕ್ಷೇತರರಿಗಾದರೋ ನಾಮಪತ್ರ ಹಿಂದೆಗೆದುಕೊಳ್ಳುವ ಅವಧಿ ಮುಗಿದ ಮೇಲೆಯೇ ಚಿಹ್ನೆ ನಿಗದಿಯಾಗುತ್ತದೆ. ಆ ಬಾರಿ ಅದು ಮಾರ್ಚ್ 29. ಮತದಾನ ಏಪ್ರಿಲ್ 18. ಸುಮಾರು 17 ಲಕ್ಷ ಮತದಾರರಿರುವ ಕ್ಷೇತ್ರಕ್ಕೆ ‘ಕಹಳೆ ಊದುತ್ತಿರುವ ರೈತ’ ಎಂಬ ಹೊಸ ಚಿತ್ರವನ್ನು ಪರಿಚಯಿಸಲು ಸಿಕ್ಕಿದ್ದು ಮೂರು ವಾರಕ್ಕೂ ಕಡಿಮೆ ಸಮಯ.

ಆ ದಿನಗಳಲ್ಲಿ ಮನೆಮನೆಗೆ ಹೋದಾಗ ವಯಸ್ಸಾದ ಹೆಂಗಸರು ಕೇಳುತ್ತಿದ್ದ ಪ್ರಶ್ನೆ ಒಂದೇ ಬಗೆಯದು: ‘ನಮ್ಮ ಅಂಬರೀಸಣ್ಣನ ಹೆಂಡ್ರುದು ಕೈ ಗುರ್ತೇ ಅಲ್ವಾ ಮಗ?’ ಅಂಬರೀಶ್ ಕೊನೆಯವರೆಗೂ ಕಾಂಗ್ರೆಸ್ಸಿನಲ್ಲಿದ್ದವರು. ಆದರೆ ಆ ಸಲದ ಮತಯಂತ್ರದಲ್ಲಿ ಕೈಯೂ ಇರಲಿಲ್ಲ, ಸುಮಲತಾ ಅವರಿಗೆ ಬೆಂಬಲ ಘೋಷಿಸಿ ಬಿಜೆಪಿ ಅಭ್ಯರ್ಥಿಯನ್ನು ನಿಲ್ಲಿಸದಿದ್ದುದರಿಂದ ಕಮಲವೂ ಇರಲಿಲ್ಲ. ಅಷ್ಟಲ್ಲದೆ ಕಣದಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಇದ್ದರು, ಆ ಹೆಸರುಗಳೆಲ್ಲ ಆಸುಪಾಸಿನಲ್ಲೇ ಬಂದಿದ್ದವು. ಓದು ಬಾರದವರಿಗೆ ಹೆಸರನ್ನು ನೋಡಿ ಒತ್ತಿ ಎಂದರೆ ಪ್ರಯೋಜನವಿಲ್ಲ, ಓದು ಬಲ್ಲವರಿಗೂ ಅದು ಗೊಂದಲವೇ.

ಕಣದಲ್ಲಿದ್ದವರು 22 ಮಂದಿ. ಒಂದು ಮತಯಂತ್ರದಲ್ಲಿ ಹಿಡಿಯುವುದು 16 ಹೆಸರು. ಆದ್ದರಿಂದ ಪ್ರತಿ ಮತಗಟ್ಟೆಯಲ್ಲಿಯೂ ಪಕ್ಕಪಕ್ಕದಲ್ಲಿ ಎರಡು ಯಂತ್ರಗಳು. ಮಾನ್ಯತೆ ಪಡೆದ ಪಕ್ಷಗಳ ಹೆಸರು ಮೊದಲು, ನೋಂದಾಯಿತ ಪಕ್ಷಗಳದು ಆಮೇಲೆ, ಪಕ್ಷೇತರರದು ಕೊನೆಗೆ, ಆಯಾ ಗುಂಪಿನೊಳಗೆ ಅಕ್ಷರಾನುಕ್ರಮ. ಹೀಗಾಗಿ ನಮ್ಮ ಅಭ್ಯರ್ಥಿಯ ಕ್ರಮಸಂಖ್ಯೆ 20. ಇದನ್ನು ಕೇಳಿದಾಗ ನಮ್ಮವರಲ್ಲಿ ಹಲವರು ಕಳವಳಗೊಂಡರು. ನಮ್ಮ ತಂಡ ಮಾತ್ರ ಅಂದಿನಿಂದ ಹೆಸರು ಹೇಳುವುದನ್ನು ಕಡಿಮೆ ಮಾಡಿ ಸ್ಥಾನವನ್ನೇ ಕಲಿಸಲು ನಿರ್ಧರಿಸಿತು: ಎರಡನೆಯ ಯಂತ್ರ, ಮೇಲಿನಿಂದ ನಾಲ್ಕನೆಯ ಗುಂಡಿ, ಅವರ ಭಾವಚಿತ್ರ, ಪಕ್ಕದಲ್ಲಿ ಕಹಳೆ ಊದುವ ರೈತ.

ಮಾದರಿ ಮತಯಂತ್ರವನ್ನು ಬಳಸಲು ಚುನಾವಣಾ ಆಯೋಗ ಅವಕಾಶ ಕೊಡುತ್ತದೆ, ಆದರೆ ನಿಯಮಗಳಿವೆ. ಅದು ನಿಜವಾದ ಯಂತ್ರದ ಅರ್ಧ ಗಾತ್ರದ್ದಾಗಿರಬೇಕು, ಬಣ್ಣ ಬೇರೆಯಾಗಿರಬೇಕು, ಅದರ ಮೇಲೆ ಬೇರೆ ಅಭ್ಯರ್ಥಿಗಳ ಹೆಸರು ಇರಬಾರದು. ಪ್ಲೈವುಡ್ಡಿನಲ್ಲಿ ಮಾಡಿಸಿದ ಅಂಥ ಪೆಟ್ಟಿಗೆಗಳನ್ನು ಹಿಡಿದು ನಾವು ಡೇರಿಯ ಮುಂದೆ ಹಾಲು ಹಾಕಲು ಬಂದವರ ಬಳಿಗೂ, ಸ್ತ್ರೀಶಕ್ತಿ ಸಂಘದ ಸಭೆಗಳಿಗೂ ಹೋದೆವು. ಹೇಳಿ ಬರುವುದರಲ್ಲಿ ಪ್ರಯೋಜನ ಕಡಿಮೆ ಎಂಬುದು ಬೇಗ ತಿಳಿಯಿತು. ಪ್ರತಿಯೊಬ್ಬರ ಬೆರಳಿನಿಂದಲೇ ಒಮ್ಮೆ ಎಣಿಸಿ ಒತ್ತಿಸಿದರೆ ಮಾತ್ರ ಅದು ನೆನಪಿನಲ್ಲಿ ಉಳಿಯುತ್ತಿತ್ತು. ನಟರ ವಾಹನ ಬಂದು ಹೋದ ಊರಿಗೆ ಅದೇ ಸಂಜೆಯೋ ಮರುದಿನ ಬೆಳಿಗ್ಗೆಯೋ ಈ ಪೆಟ್ಟಿಗೆಯೊಂದಿಗೆ ಹೋಗುವುದನ್ನು ಕಟ್ಟುನಿಟ್ಟಾಗಿ ಪಾಲಿಸಿದೆವು. ಜನರ ಉತ್ಸಾಹ ಬಿಸಿಯಾಗಿರುವಾಗಲೇ ಅವರು ಹೊಸ ವಿಷಯವನ್ನು ಕೇಳಿಸಿಕೊಳ್ಳುತ್ತಾರೆ. ತಾರೆಯ ಜನಪ್ರಿಯತೆ ಪಕ್ಷೇತರ ಪ್ರಚಾರಕ್ಕೆ ಕೊಡುವ ನಿಜವಾದ ಬಲ ಇದೇ ಎಂದು ನಾನು ನಂಬಿದ್ದೇನೆ: ಅದು ಮನೆಯ ಬಾಗಿಲನ್ನು ತೆರೆಸುತ್ತದೆ. ಒಳಗೆ ಕೂತು ಮಾತನಾಡುವವರು ಬೇರೆ ಇರಬೇಕು.

ಆ ಬೇರೆಯವರು ನಮಗೆ ಸಿಕ್ಕಿದ್ದು ಪಕ್ಷಗಳಿಂದಲೇ. ಸುಮಾರು ಎರಡು ಸಾವಿರ ಮತಗಟ್ಟೆಗಳಿಗೆ ಏಜೆಂಟರನ್ನು ಒದಗಿಸುವುದು ಯಾವ ಅಭಿಮಾನಿ ಸಂಘಕ್ಕೂ ಸಾಧ್ಯವಿಲ್ಲದ ಮಾತು. ಏಜೆಂಟ್ ಆಗುವವನು ಆಗ ಸಾಮಾನ್ಯವಾಗಿ ಅದೇ ಭಾಗದ ಮತದಾರನಾಗಿರಬೇಕಿತ್ತು, ಪಟ್ಟಿಯಲ್ಲಿರುವ ಮುಖಗಳನ್ನು ಗುರುತಿಸಬೇಕು, ಅಣಕು ಮತದಾನದ ಹೊತ್ತಿಗೆ ಹಾಜರಿರಬೇಕು, ಸಂಜೆ ಒಟ್ಟು ಮತಗಳ ಲೆಕ್ಕವಿರುವ ನಮೂನೆ 17ಸಿಯ ಪ್ರತಿಯನ್ನು ಕೇಳಿ ಪಡೆಯಬೇಕು. ರಾಜ್ಯ ನಾಯಕರು ಮೈತ್ರಿ ಅಭ್ಯರ್ಥಿಯ ಪರ ಪ್ರಚಾರ ಮಾಡುತ್ತಿದ್ದಾಗಲೂ, ಜೀವಮಾನವೆಲ್ಲ ಜೆಡಿಎಸ್ ವಿರುದ್ಧ ಹೋರಾಡಿದ್ದ ಊರಿನ ಕಾಂಗ್ರೆಸ್ ಕಾರ್ಯಕರ್ತರು ನಮ್ಮೊಂದಿಗೆ ಬಂದರು. ಅವರ ಜತೆ ಹಸಿರು ಶಾಲಿನ ರೈತಸಂಘದವರೂ ಬಿಜೆಪಿಯವರೂ ಒಂದೇ ಮೇಜಿನ ಸುತ್ತ ಕೂತು ಮತದಾರರ ಪಟ್ಟಿಯನ್ನು ಬೀದಿಬೀದಿಯಾಗಿ ಹಂಚಿಕೊಂಡರು. ಪತಿಯನ್ನು ಕಳೆದುಕೊಂಡು ಕೆಲವೇ ತಿಂಗಳಾಗಿರುವ ಹೆಣ್ಣುಮಗಳಿಗೆ ಚುನಾವಣೆ ಏಕೆ ಎಂಬ ಮಾತು ಎದುರು ಪಾಳಯದಿಂದ ಬಂದ ಮೇಲಂತೂ ನಾವು ಕರೆಯದ ಹೆಂಗಸರೂ ಕರಪತ್ರ ಕೇಳಿ ಪಡೆದು ಹಂಚಿದರು.

ಇದೇ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರದಿಂದ ಪಕ್ಷೇತರರಾಗಿ ನಿಂತ ಪ್ರಕಾಶ್ ರಾಜ್ ಅವರು 30 ಸಾವಿರ ಮತಗಳನ್ನೂ ದಾಟಲಿಲ್ಲ, ಠೇವಣಿಯೂ ಉಳಿಯಲಿಲ್ಲ. ಅವರು ದೇಶಕ್ಕೆಲ್ಲ ಪರಿಚಿತರಾದ ನಟರು, ತಮ್ಮ ನಿಲುವನ್ನು ಸ್ಪಷ್ಟವಾಗಿ ಹೇಳಿದವರು. ಆದರೆ ಅಲ್ಲಿ ದೊಡ್ಡ ಪಕ್ಷಗಳೆರಡೂ ತಮ್ಮ ಅಭ್ಯರ್ಥಿಗಳೊಂದಿಗೆ ಕಣದಲ್ಲಿದ್ದವು, ಬೂತಿನ ಜನ ತಮ್ಮ ತಮ್ಮ ಪಕ್ಷದ ಬಳಿಯೇ ಇದ್ದರು.

ಮೇ 23ರ ಎಣಿಕೆಯಲ್ಲಿ ಸುಮಲತಾ ಅವರಿಗೆ 7,03,660 ಮತ, ನಿಖಿಲ್ ಅವರಿಗೆ 5,77,784 ಮತ ಬಂದು, ಅಂತರ 1,25,876 ಆಯಿತು. 1967ರಲ್ಲಿ ಚುಟುಕು ಕವಿ ದಿನಕರ ದೇಸಾಯಿ ಉತ್ತರ ಕನ್ನಡದಿಂದ ಪಕ್ಷೇತರರಾಗಿ ಗೆದ್ದ ಮೇಲೆ ಲೋಕಸಭೆಗೆ ಕರ್ನಾಟಕದಿಂದ ಇಂಥ ಗೆಲುವು ಬಂದಿದ್ದು ಆಗಲೇ.

ಗೆಲುವಿನ ಮರುದಿನದಿಂದಲೇ ಹಳ್ಳಿಯ ಜನ ನಾಲೆಯ ನೀರು, ಕಬ್ಬಿನ ಬಾಕಿ, ಪಿಂಚಣಿ ಎಂದು ನಮ್ಮನ್ನು ಹುಡುಕಿಕೊಂಡು ಬರತೊಡಗಿದರು. ಅವನ್ನು ಸಂಸದರವರೆಗೆ ಒಯ್ಯಲು ಹೋಬಳಿಗೊಂದು ಸಮಿತಿಯನ್ನು ಉಳಿಸಿಕೊಳ್ಳೋಣ ಎಂದು ನಾವು ಕೆಲವರು ಪ್ರಯತ್ನಿಸಿದೆವು. ಪಕ್ಷೇತರರಾಗಿ ಗೆದ್ದವರು ಅವಧಿಯ ನಡುವೆ ಪಕ್ಷವೊಂದನ್ನು ಸೇರಿದರೆ ಸಂವಿಧಾನದ ಹತ್ತನೆಯ ಅನುಸೂಚಿಯ ಪ್ರಕಾರ ಸದಸ್ಯತ್ವ ಹೋಗುತ್ತದೆ. ಆದ್ದರಿಂದ ಕೆಳಗಿನವರನ್ನು ಒಟ್ಟಿಗೆ ಹಿಡಿದಿಡುವ ಹೆಸರೂ ಕಚೇರಿಯೂ ಇರಲಿಲ್ಲ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ನಮ್ಮ ತಂಡದ ಬಹುತೇಕರು ತಮ್ಮ ಹಳೆಯ ಬಣಗಳಿಗೆ ಮರಳಿದ್ದರು. 2024ರಲ್ಲಿ ಸುಮಲತಾ ಸ್ಪರ್ಧಿಸದೆ ಬಿಜೆಪಿ ಸೇರಿದರು, ಮಂಡ್ಯದಿಂದ ಕುಮಾರಸ್ವಾಮಿ ಗೆದ್ದರು. ಆ ಚುನಾವಣೆಯಲ್ಲಿ ನಮ್ಮ ಹಳೆಯ ತಂಡದವರು ಒಬ್ಬರಿಗೊಬ್ಬರು ಎದುರಾಗಿ ಬೂತಿನಲ್ಲಿ ಕೂತಿದ್ದರು.