ಹಸಿರು ಟಿಕ್ ಒತ್ತುವ ಮುನ್ನ: ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಸರಿಯಾದ ಉತ್ತರ ಆರಿಸುವ ಬಗೆ

ಸ್ಟ್ಯಾಕ್ ಓವರ್‌ಫ್ಲೋದಲ್ಲಿ, ಅಂದರೆ ಪ್ರೋಗ್ರಾಮಿಂಗ್ ಪ್ರಶ್ನೋತ್ತರಗಳ ಜಾಲತಾಣದಲ್ಲಿ, ನೀವು ಹಾಕಿದ ಪ್ರಶ್ನೆಗೆ ನಾಲ್ಕು ಉತ್ತರ ಬಂದಿವೆ ಅಂದುಕೊಳ್ಳಿ. ಪ್ರತಿ ಉತ್ತರದ ಎಡಕ್ಕೆ, ಮತ ಹಾಕುವ ಬಾಣಗಳ ಕೆಳಗೆ, ಒಂದು ಬೂದು ಟಿಕ್ ಇರುತ್ತದೆ. ಅದನ್ನು ಒತ್ತುವ ಹಕ್ಕು ಪ್ರಶ್ನೆ ಕೇಳಿದವರಿಗೆ ಮಾತ್ರ, ಅದೂ ಒಂದೇ ಉತ್ತರಕ್ಕೆ. ಒತ್ತಿದರೆ ಟಿಕ್ ಹಸಿರಾಗುತ್ತದೆ, ಉತ್ತರ ಬರೆದವರ ಖ್ಯಾತಿಗೆ (ರೆಪ್ಯುಟೇಶನ್) 15 ಅಂಕ ಸೇರುತ್ತದೆ, ನಿಮ್ಮದಕ್ಕೆ 2. ಒತ್ತಲೇಬೇಕು ಎಂಬ ನಿಯಮವಿಲ್ಲ.

ಟಿಕ್ ಬೇರೆ, ಅಪ್‌ವೋಟ್ ಬೇರೆ. ಅಪ್‌ವೋಟನ್ನು ಎಷ್ಟು ಉತ್ತರಕ್ಕೆ ಬೇಕಾದರೂ ಕೊಡಬಹುದು, ‘ಇದು ಉಪಯೋಗಕ್ಕೆ ಬಂತು’ ಅನ್ನುವುದಷ್ಟೇ ಅದರ ಅರ್ಥ. ಟಿಕ್ ಹೇಳುವುದು ‘ನನ್ನ ತೊಂದರೆ ಇದರಿಂದಲೇ ನೀಗಿತು’ ಎಂದು. ಹಾಗಾಗಿ ಯಾರ ಭಾಷೆ ಚೆನ್ನಾಗಿದೆ, ಯಾರು ಮೊದಲು ಬಂದರು, ಯಾರ ಹೆಸರಿನ ಮುಂದೆ ಲಕ್ಷ ಅಂಕವಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ನಿಮ್ಮ ಗಣಕದಲ್ಲಿ, ನಿಮ್ಮ ಡೇಟಾದ ಮೇಲೆ, ತೊಂದರೆಯ ಬೇರನ್ನು ಕಿತ್ತದ್ದು ಯಾವ ಉತ್ತರ ಎಂಬುದನ್ನು ರನ್ ಮಾಡಿಯೇ ತಿಳಿಯಬೇಕು.

ಎಷ್ಟು ಹೊತ್ತು ಕಾಯಬೇಕು

ಪ್ರಶ್ನೆ ಹಾಕಿದ ಮೊದಲ 15 ನಿಮಿಷ ಟಿಕ್ ಒತ್ತಲು ಸೈಟೇ ಬಿಡುವುದಿಲ್ಲ. ಅದು ಕನಿಷ್ಠ ತಡೆ ಅಷ್ಟೇ, ಸಾಕಾಗುವ ಹೊತ್ತಲ್ಲ. ಒಂದು ಪೂರ್ತಿ ದಿನ ಕಾಯುವುದು ಒಳ್ಳೆಯದು. ಬೆಂಗಳೂರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಹಾಕಿದ ಪ್ರಶ್ನೆ ಅಮೆರಿಕದ ಪೂರ್ವ ಕರಾವಳಿಗೆ ತಲುಪುವುದು ಸುಮಾರು ನಡುರಾತ್ರಿಗೆ. ನೀವು ಕೇಳಿದ ಲೈಬ್ರರಿಯನ್ನು (ಸಿದ್ಧ ಕೋಡಿನ ಸಂಗ್ರಹ) ದಿನವೂ ಬಳಸುವವರು ನಿದ್ದೆಯಲ್ಲಿರಬಹುದು.

ಹತ್ತೇ ನಿಮಿಷದಲ್ಲಿ ಬರುವ ಉತ್ತರಗಳು ಸಾಮಾನ್ಯವಾಗಿ ಎರಡು ಸಾಲಿನವು. ಮೊದಲು ಬಂದದ್ದಕ್ಕೆ ಮೊದಲು ಮತ ಬೀಳುತ್ತದೆ, ಮತ ಬಿದ್ದದ್ದು ಮೇಲೇರುತ್ತದೆ, ಮೇಲಿರುವುದಕ್ಕೆ ಇನ್ನಷ್ಟು ಮತ. ಪರೀಕ್ಷೆ ಮಾಡಿ ನಿಧಾನವಾಗಿ ಬರೆದವರ ಉತ್ತರ ಸಂಜೆಗೆ ಬಂದು ಕೆಳಗೆ ಕೂತಿರುತ್ತದೆ. ಅಷ್ಟರಲ್ಲಿ ನೀವು ಟಿಕ್ ಹಾಕಿದ್ದರೆ, ಪ್ರಶ್ನೆಗಳ ಪಟ್ಟಿಯಲ್ಲೇ ಹಸಿರು ಕಾಣುವುದರಿಂದ, ಬರೆಯಬಹುದಾಗಿದ್ದವರು ‘ಇದು ಮುಗಿದ ಕಥೆ’ ಎಂದು ಮುಂದೆ ಹೋಗುತ್ತಾರೆ.

ಒಂದು ಪ್ರಶ್ನೆ, ನಾಲ್ಕು ಉತ್ತರ

ಕನ್ನಡದ ಡೇಟಾ ಮುಟ್ಟುವ ಎಲ್ಲರಿಗೂ ಒಮ್ಮೆಯಾದರೂ ಎದುರಾಗುವ ತೊಂದರೆಯನ್ನೇ ತೆಗೆದುಕೊಳ್ಳೋಣ. ವಿಂಡೋಸ್ ಗಣಕದಲ್ಲಿ ಪೈಥಾನ್ ಬಳಸಿ ಹೆಸರು, ಊರು, ಫೋನ್ ನಂಬರುಗಳ ಪಟ್ಟಿಯನ್ನು ಸಿಎಸ್‌ವಿ ಫೈಲಿಗೆ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಾದಾ ಫೈಲ್) ಬರೆಯಬೇಕು, ಅದನ್ನು ಕಚೇರಿಯಲ್ಲಿ ಎಕ್ಸೆಲ್‌ನಲ್ಲಿ ತೆರೆಯುತ್ತಾರೆ. ಬರೆಯಲು ಹೊರಟರೆ ‘ಯುನಿಕೋಡ್ ಎನ್‌ಕೋಡ್ ಎರರ್’ ಬಂದು ನಿಲ್ಲುತ್ತದೆ. ಪ್ರಶ್ನೆ ಹಾಕಿದ್ದೀರಿ.

ಮೊದಲ ಉತ್ತರ: ಫೈಲ್ ಓಪನ್ ಮಾಡುವಾಗ ‘ಎರರ್ಸ್’ ಎಂಬಲ್ಲಿ ‘ಇಗ್ನೋರ್’ ಎಂದು ಕೊಡಿ. ರನ್ ಮಾಡಿದರೆ ಎರರ್ ನಿಜಕ್ಕೂ ಮಾಯ. ಪ್ರೋಗ್ರಾಮ್ ಸದ್ದಿಲ್ಲದೆ ಮುಗಿಯುತ್ತದೆ. ಬಹಳ ಜನ ಟಿಕ್ ಒತ್ತುವುದು ಈ ಗಳಿಗೆಯಲ್ಲೇ. ಫೈಲ್ ತೆರೆದು ನೋಡಿ: ಫೋನ್ ನಂಬರುಗಳಿವೆ, ಹೆಸರಿನ ಕಾಲಂ ಖಾಲಿ, ಊರಿನ ಕಾಲಂ ಖಾಲಿ. ಹಳೆಯ ವಿಂಡೋಸ್ ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿಯಲ್ಲಿ, ಕನ್ನಡಕ್ಕೆ ಜಾಗವಿಲ್ಲ, ಜಾಗ ಸಿಗದ ಅಕ್ಷರಗಳನ್ನೆಲ್ಲ ‘ಇಗ್ನೋರ್’ ಎಸೆದುಬಿಟ್ಟಿದೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಹಾಗೆ.

ಎರಡನೆಯದು: ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಡಿ, ಅದರಲ್ಲಿ ಕನ್ನಡಕ್ಕೂ ಜಾಗವಿದೆ. ಎರರ್ ಇಲ್ಲ, ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕನ್ನಡ ಚೊಕ್ಕವಾಗಿ ಕಾಣುತ್ತದೆ. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಮಾತ್ರ ‘ಬೆಂಗಳೂರು’ ಇರಬೇಕಾದಲ್ಲಿ ಉದ್ದಕ್ಕೆ ವಿಚಿತ್ರ ಚಿಹ್ನೆಗಳ ಸಾಲು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಬೆಂಗಳೂರು’ ಕಣ್ಣಿಗೆ ನಾಲ್ಕೇ ಅಕ್ಷರ, ಒಳಗೆ 8 ಸಂಕೇತ: ಬ, ಎತ್ವ, ಸೊನ್ನೆ, ಗ, ಳ, ಊ ಸ್ವರದ ಚಿಹ್ನೆ, ರ, ಕೊಂಬು. ಒಟ್ಟು 24 ಬೈಟ್. ಫೈಲಿನಲ್ಲಿ ಬೇರೆ ಸುಳಿವಿಲ್ಲದ್ದರಿಂದ ಎಕ್ಸೆಲ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಎಂದು ಓದುತ್ತದೆ. ಈ ಉತ್ತರ ತಪ್ಪಲ್ಲ. ಎರರ್‌ನ ಕಾರಣ ತೆಗೆದಿದೆ, ಆದರೆ ‘ಎಕ್ಸೆಲ್‌ನಲ್ಲಿ ತೆರೆಯಬೇಕು’ ಎಂಬ ನಿಮ್ಮ ಮಾತನ್ನು ಬಿಟ್ಟುಬಿಟ್ಟಿದೆ.

ಮೂರನೆಯದು: ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಡಿ, ಜೊತೆಗೆ ‘ನ್ಯೂಲೈನ್’ಗೆ ಖಾಲಿ ಸ್ಟ್ರಿಂಗ್ ಕೊಡಿ. ಇದು ಫೈಲಿನ ಮೊದಲಿಗೆ 3 ಬೈಟಿನ ಒಂದು ಗುರುತು ಬರೆಯುತ್ತದೆ, ಎಕ್ಸೆಲ್ ಅದನ್ನು ನೋಡಿ ಯುಟಿಎಫ್-8 ಎಂದು ತಿಳಿಯುತ್ತದೆ. ನ್ಯೂಲೈನ್ ಮಾತು ಏಕೆಂದರೆ, ಅದಿಲ್ಲದಿದ್ದರೆ ವಿಂಡೋಸ್‌ನಲ್ಲಿ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ನುಸುಳುತ್ತದೆ. ನೀವು ಕೇಳದೇ ಇದ್ದ, ನಾಳೆ ಕೇಳಬೇಕಾಗಿ ಬರುತ್ತಿದ್ದ ಪ್ರಶ್ನೆಗೂ ಉತ್ತರ ಕೊಟ್ಟಿದ್ದಾರೆ.

ನಾಲ್ಕನೆಯದು: ಎರಡನೆಯದರಂತೆ ಯುಟಿಎಫ್-8ರಲ್ಲೇ ಬರೆಯಿರಿ, ಕೋಡಿನಲ್ಲಿ ಬೇರೇನೂ ಮುಟ್ಟಬೇಡಿ, ಎಕ್ಸೆಲ್‌ನ ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆಗೆ ಹೋಗಿ, ಎನ್‌ಕೋಡಿಂಗ್ ಪಟ್ಟಿಯಲ್ಲಿ 65001, ಅಂದರೆ ಯುಟಿಎಫ್-8, ಆರಿಸಿ. ಇದೂ ಸರಿಯೇ. ಆದರೆ ಫೈಲ್ ಪಡೆಯುವ ಪ್ರತಿಯೊಬ್ಬರೂ ಪ್ರತಿ ಸಲ ಇದನ್ನು ಮಾಡಬೇಕು. ಫೈಲ್ ಬೇರೆಯವರಿಂದ ಬಂದಿದ್ದು, ಕೋಡ್ ನಿಮ್ಮ ಕೈಯಲ್ಲಿಲ್ಲದಿದ್ದರೆ ಇದೇ ಒಳ್ಳೆಯ ಉತ್ತರವಾಗುತ್ತಿತ್ತು.

ಇಲ್ಲಿ ಟಿಕ್ ಮೂರನೆಯದಕ್ಕೆ, ಅಪ್‌ವೋಟ್ ಮೂರು ಮತ್ತು ನಾಲ್ಕಕ್ಕೆ. ಎರಡನೆಯದರ ಕೆಳಗೆ ‘ನೋಟ್‌ಪ್ಯಾಡ್‌ನಲ್ಲಿ ಸರಿ, ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಅಕ್ಷರ ಕೆಡುತ್ತಿದೆ’ ಎಂಬ ಒಂದು ಕಾಮೆಂಟ್. ಮೊದಲನೆಯದರ ಕೆಳಗೂ ಹೆಸರಿನ ಕಾಲಂ ಖಾಲಿಯಾಯಿತು ಎಂದು ಬರೆಯಿರಿ, ಮುಂದೆ ಬಂದು ಓದುವವರ ಡೇಟಾ ಉಳಿಯುತ್ತದೆ.

ಪರೀಕ್ಷೆ ಹೇಗಿರಬೇಕು

ಉತ್ತರದ ಕೋಡನ್ನು ನೇರ ನಿಮ್ಮ ದೊಡ್ಡ ಪ್ರಾಜೆಕ್ಟಿಗೆ ಅಂಟಿಸಬೇಡಿ. ಪ್ರತ್ಯೇಕ ಪುಟ್ಟ ಫೈಲಿನಲ್ಲಿ, ಮೂಲ ಡೇಟಾದ ನಕಲಿನ ಮೇಲೆ ಓಡಿಸಿ. ಮೊದಲು ಪ್ರಶ್ನೆಯಲ್ಲಿ ನೀವೇ ಕೊಟ್ಟ ಉದಾಹರಣೆ, ಆಮೇಲೆ ತೊಡಕಿನ ಉದಾಹರಣೆ. ಮೇಲಿನ ಸಂದರ್ಭಕ್ಕಾದರೆ ‘ಜ್ಯೋತ್ಸ್ನಾ’ದಂಥ ಒತ್ತಕ್ಷರ ತುಂಬಿದ ಹೆಸರು, ‘ಕೆ.ಆರ್. ಮೊಹಲ್ಲಾ, ಮೈಸೂರು’ ಎಂದು ನಡುವೆ ಅಲ್ಪವಿರಾಮ ಇರುವ ವಿಳಾಸ, ಏನೂ ಇಲ್ಲದ ಖಾಲಿ ಕಾಲಂ. ಪೈಥಾನ್‌ನ ಸಿದ್ಧ ಸಿಎಸ್‌ವಿ ಮಾಡ್ಯೂಲ್ ಬಳಸದೆ ಕೈಯಿಂದಲೇ ಅಲ್ಪವಿರಾಮ ಜೋಡಿಸಿದ ಉತ್ತರವಿದ್ದರೆ ಅದು ಆ ವಿಳಾಸದಲ್ಲೇ ಸಿಕ್ಕಿಬೀಳುತ್ತದೆ, ಮೈಸೂರು ಮುಂದಿನ ಕಾಲಂಗೆ ಜಾರಿರುತ್ತದೆ.

ಕೊನೆಗೆ, ಈ ಪರಿಹಾರದಿಂದ ಬೇರೇನಾದರೂ ಕೆಟ್ಟಿದೆಯೇ ನೋಡಿ. ಯುಟಿಎಫ್-8-ಸಿಗ್‌ನಲ್ಲಿ ಬರೆದ ಫೈಲನ್ನು ಇನ್ನೊಂದು ಪ್ರೋಗ್ರಾಮ್ ಬರೀ ಯುಟಿಎಫ್-8 ಎಂದು ಓದಿದರೆ, ಆ 3 ಬೈಟಿನ ಗುರುತು ಮೊದಲ ಕಾಲಂನ ಹೆಸರಿಗೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ‘ಹೆಸರು’ ಎಂದೇ ಕಂಡರೂ ಆ ಹೆಸರಿನ ಕಾಲಂ ಇಲ್ಲ ಎಂದು ಪ್ರೋಗ್ರಾಮ್ ಹಟ ಮಾಡುತ್ತದೆ. ಓದುವ ಕಡೆಯೂ ಯುಟಿಎಫ್-8-ಸಿಗ್ ಕೊಟ್ಟರೆ ಗುರುತು ಇದ್ದರೂ ಇಲ್ಲದಿದ್ದರೂ ಸರಿಯಾಗಿ ಓದುತ್ತದೆ. ಇಂಥದ್ದು ಕಂಡರೆ ಉತ್ತರದ ಕೆಳಗೆ ಕಾಮೆಂಟ್ ಹಾಕಿ, ಬರೆದವರು ಉತ್ತರದಲ್ಲೇ ಸೇರಿಸಬಹುದು.

ಯಾವುದನ್ನು ಅನುಮಾನದಿಂದ ನೋಡಬೇಕು

ಎರರ್‌ನ ಬಾಯಿ ಮುಚ್ಚಿಸುವ ಉತ್ತರಗಳು ಎಲ್ಲ ವಿಷಯದಲ್ಲೂ ಇವೆ. ಎಚ್‌ಟಿಟಿಪಿಎಸ್ (ಸುರಕ್ಷಿತ ವೆಬ್ ಸಂಪರ್ಕ) ಕೆಲಸ ಮಾಡದಿದ್ದರೆ ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡಿ ಎನ್ನುವುದು, ಲಿನಕ್ಸ್‌ನಲ್ಲಿ ಅನುಮತಿ ಸಿಗದಿದ್ದರೆ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಪೂರ್ತಿ ಅನುಮತಿ, ಕೊಡಿ ಎನ್ನುವುದು, ಬಳಕೆದಾರರು ಟೈಪಿಸಿದ್ದನ್ನು ಹಾಗೇ ಡೇಟಾಬೇಸಿಗೆ ಅಪ್ಪಣೆ ಕೊಡುವ ಎಸ್‌ಕ್ಯುಎಲ್ ವಾಕ್ಯಕ್ಕೆ ಅಂಟಿಸುವುದು. ಮೂರೂ ‘ಕೆಲಸ ಮಾಡುತ್ತವೆ’. ಮೊದಲನೆಯದು ಯಾರ ಜೊತೆ ಮಾತಾಡುತ್ತಿದ್ದೀರಿ ಎಂಬ ಖಾತ್ರಿಯನ್ನೇ ತೆಗೆಯುತ್ತದೆ, ಎರಡನೆಯದು ಆ ಗಣಕದ ಯಾರು ಬೇಕಾದರೂ ಫೈಲ್ ತಿದ್ದಲು ಬಾಗಿಲು ತೆರೆಯುತ್ತದೆ, ಮೂರನೆಯದು ನಿಮ್ಮ ಡೇಟಾಬೇಸಿಗೆ ಹೊರಗಿನವರು ಅಪ್ಪಣೆ ಕೊಡಲು ದಾರಿ ಮಾಡುತ್ತದೆ. ಇವಕ್ಕೆ ಟಿಕ್ ಹಾಕಬಾರದು. ಅವಸರಕ್ಕೆ ಬಳಸಿಕೊಂಡಿದ್ದರೂ ಹಾಕಬಾರದು.

ತಾರೀಖನ್ನೂ ನೋಡಿ. ಸ್ಟ್ಯಾಕ್ ಓವರ್‌ಫ್ಲೋ ಶುರುವಾದದ್ದು 2008ರಲ್ಲಿ, ಆ ಕಾಲದ ಉತ್ತರಗಳು ಇನ್ನೂ ನೂರಾರು ಮತ ಹೊತ್ತು ಕೂತಿವೆ. ಸಿಎಸ್‌ವಿ ಫೈಲನ್ನು ಬೈನರಿ ಮೋಡಿನಲ್ಲಿ, ಅಂದರೆ ‘ಡಬ್ಲ್ಯೂಬಿ’ ಎಂದು ತೆರೆಯಿರಿ ಎನ್ನುವ ಉತ್ತರ ಪೈಥಾನ್ 2ರಲ್ಲಿ ಅಪ್ಪಟ ಸರಿ. ಪೈಥಾನ್ 3ರಲ್ಲಿ ಅದೇ ಸಾಲು ಟೈಪ್ ಎರರ್ ಕೊಡುತ್ತದೆ. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಉತ್ತರದ ಕೆಳಗೆ ಬರೆದ ದಿನವೂ ತಿದ್ದಿದ ದಿನವೂ ಇರುತ್ತದೆ, ಎರಡನ್ನೂ ನೋಡಬೇಕು. 2011ರಲ್ಲಿ ಬರೆದು 2022ರಲ್ಲಿ ತಿದ್ದಿದ ಉತ್ತರ ಹೊಸದಕ್ಕೆ ಸಮ. ಕಾಮೆಂಟುಗಳನ್ನು ಪೂರ್ತಿ ಬಿಡಿಸಿ ಓದಿ, ‘3.x ಆವೃತ್ತಿಯಲ್ಲಿ ಇದು ನಡೆಯುವುದಿಲ್ಲ’ ಎಂಬ ಮಾತು ಬಹುಪಾಲು ಅಲ್ಲೇ ಮುದುಡಿ ಕೂತಿರುತ್ತದೆ. ಹೀಗೆ ಹಳತಾದ ಉತ್ತರಗಳೇ ಟಿಕ್ ಬಲದಿಂದ ತುದಿಯಲ್ಲಿ ಉಳಿಯುತ್ತಿದ್ದ ಕಾರಣ, 2021ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಟಿಕ್ ಬಿದ್ದದ್ದನ್ನು ಮೇಲೆ ಅಂಟಿಸಿಡುವ ಪದ್ಧತಿ ಬಿಟ್ಟಿತು. ಅದು ಮಾಡಲೇಬೇಕಾಗಿದ್ದ ಬದಲಾವಣೆ.

ಯಂತ್ರ ಬರೆದ ಉತ್ತರಗಳ ತಲೆನೋವು ಬೇರೆ. ಚಾಟ್‌ಜಿಪಿಟಿಯಿಂದ ಬರೆಸಿದ ಉತ್ತರ ಹಾಕುವುದನ್ನು ಸೈಟು 2022ರ ಡಿಸೆಂಬರಿನಲ್ಲೇ ನಿಷೇಧಿಸಿತು, ಆದರೂ ನುಸುಳುತ್ತವೆ. ಭಾಷೆ ನುಣುಪು, ವಿವರಣೆ ಒಪ್ಪ, ಬಳಸಿದ ಫಂಕ್ಷನ್ ಮಾತ್ರ ಆ ಲೈಬ್ರರಿಯಲ್ಲಿ ಇರುವುದೇ ಇಲ್ಲ. ಅಧಿಕೃತ ಡಾಕ್ಯುಮೆಂಟೇಶನ್‌ನಲ್ಲಿ ಆ ಹೆಸರನ್ನು ಹುಡುಕಿ, ಎರಡು ನಿಮಿಷದ ಕೆಲಸ.

ಎರಡೂ ಸರಿಯಿದ್ದರೆ

ನೀವು ಕೊನೆಗೆ ಕೋಡಿನಲ್ಲಿ ಉಳಿಸಿಕೊಂಡದ್ದು ಯಾವುದೋ ಅದಕ್ಕೆ ಟಿಕ್. ಎರಡನ್ನೂ ಸೇರಿಸಿ ಬಳಸಿದ್ದರೆ, ಕೋಡಿನ ಜೊತೆ ‘ಏಕೆ’ ಎಂಬುದನ್ನೂ ಹೇಳಿದವರಿಗೆ. ಬರೀ ಲಿಂಕ್ ಕೊಟ್ಟು ‘ಇಲ್ಲಿ ನೋಡಿ’ ಅಂದದ್ದು ಎಷ್ಟೇ ಸರಿಯಾದ ಜಾಗಕ್ಕೆ ಕಳಿಸಿದ್ದರೂ ಟಿಕ್‌ಗೆ ಯೋಗ್ಯವಲ್ಲ, ಆ ಪುಟ ನಾಳೆ ಮಾಯವಾದರೆ ಉತ್ತರವೂ ಮಾಯ. ಹೊಸಬರಿಗೆ ಪ್ರೋತ್ಸಾಹ ಇರಲಿ ಎಂದು ಅವರ ಉತ್ತರಕ್ಕೆ ಟಿಕ್ ಹಾಕುವವರಿದ್ದಾರೆ. ಅಪ್‌ವೋಟ್ ಕೊಡಿ, ಅದಕ್ಕೂ 10 ಅಂಕವಿದೆ.

ಯಾವುದೂ ಸರಿಯಿಲ್ಲದಿದ್ದರೆ

ಟಿಕ್ ಹಾಕಬೇಡಿ. ಪಾಪ, ಕಷ್ಟಪಟ್ಟು ಬರೆದಿದ್ದಾರೆ ಎಂಬ ದಾಕ್ಷಿಣ್ಯಕ್ಕೆ ಒತ್ತಿದ ಟಿಕ್ ಮುಂದಿನ ಓದುಗರ ದಾರಿ ತಪ್ಪಿಸುತ್ತದೆ. ಎಲ್ಲಿ ಕೈಕೊಟ್ಟಿತು ಎಂದು ಉತ್ತರದ ಕೆಳಗೆ ಬರೆಯಿರಿ: ಯಾವ ಆವೃತ್ತಿ, ಏನು ಕೊಟ್ಟಿರಿ, ಏನು ಬಂತು. ‘ವರ್ಕ್ ಆಗ್ತಿಲ್ಲ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಪ್ರಶ್ನೆಯಲ್ಲೇ ಮಾಹಿತಿ ಕಡಿಮೆಯಿದ್ದರೆ ಪ್ರಶ್ನೆಯನ್ನು ತಿದ್ದಿ, ಆದರೆ ಬಂದಿರುವ ಉತ್ತರಗಳೆಲ್ಲ ಅಸಂಬದ್ಧವಾಗುವಷ್ಟು ತಿದ್ದಬೇಡಿ. ಅದಕ್ಕೆ ಹೊಸ ಪ್ರಶ್ನೆಯೇ ಸರಿ.

ನಿಮ್ಮ ಬಳಿ 75 ಅಂಕವಿದ್ದು, ಪ್ರಶ್ನೆಗೆ ಎರಡು ದಿನ ತುಂಬಿದ್ದರೆ ಬೌಂಟಿ, ಅಂದರೆ ಒಳ್ಳೆಯ ಉತ್ತರಕ್ಕೆ ನಿಮ್ಮ ಅಂಕದಿಂದಲೇ ಬಹುಮಾನ, ಇಡಬಹುದು. ಕನಿಷ್ಠ 50, ಗರಿಷ್ಠ 500 ಅಂಕ, ಇಟ್ಟ ಕ್ಷಣವೇ ನಿಮ್ಮ ಖಾತೆಯಿಂದ ಹೋಗುತ್ತದೆ, ಒಳ್ಳೆಯ ಉತ್ತರ ಬರಲಿ ಬಿಡಲಿ ವಾಪಸ್ಸಿಲ್ಲ. ಅವಧಿ 7 ದಿನ, ಆಮೇಲೆ ನಿರ್ಧರಿಸಲು 24 ಗಂಟೆ. ಇಲ್ಲೊಂದು ಕಡೆ ಜನ ಎಡವುತ್ತಾರೆ: ಟಿಕ್ ಹಾಕಿದ ಮಾತ್ರಕ್ಕೆ ಬೌಂಟಿ ಹೋಗುವುದಿಲ್ಲ, ಅದಕ್ಕೆ ಬೇರೆ ಬಟನ್ ಇದೆ. ಅದನ್ನು ಒತ್ತದೆ ಬಿಟ್ಟರೆ ಪೂರ್ತಿ ಸಿಗಬೇಕಾದವರಿಗೆ ಅರ್ಧವೇ ಸಿಗಬಹುದು, ಏನೂ ಸಿಗದೆಯೂ ಹೋಗಬಹುದು.

ಉತ್ತರವನ್ನು ನೀವೇ ಕಂಡುಕೊಂಡರೆ ಅದನ್ನು ಉತ್ತರದ ಜಾಗದಲ್ಲೇ ಬರೆಯಿರಿ. ಪ್ರಶ್ನೆಯ ಕೆಳಗೆ ಸೇರಿಸುವುದು, ಶೀರ್ಷಿಕೆಯಲ್ಲಿ ‘ಬಗೆಹರಿಯಿತು’ ಎಂದು ಹಾಕುವುದು ಅಲ್ಲಿಯ ರೂಢಿಯಲ್ಲ, ಯಾರಾದರೂ ಬಂದು ಅಳಿಸುತ್ತಾರೆ. ಸ್ವಂತ ಉತ್ತರಕ್ಕೆ ಟಿಕ್ ಹಾಕಲು ಎರಡು ದಿನ ಕಾಯಬೇಕು, ಅಂಕ ಬರುವುದಿಲ್ಲ. ಬೇರೆಯವರು ಕೊಟ್ಟ ಸುಳಿವಿನಿಂದಲೇ ದಾರಿ ಸಿಕ್ಕಿದ್ದರೆ ಅದನ್ನು ನಿಮ್ಮ ಉತ್ತರದಲ್ಲಿ ಹೇಳಿ, ಅವರಿಗೊಂದು ಅಪ್‌ವೋಟ್ ಕೊಡಿ.

ಹಾಕಿದ ಟಿಕ್ ಬದಲಿಸುವುದು

ಯಾವಾಗ ಬೇಕಾದರೂ ಬದಲಿಸಬಹುದು. ಹೊಸ ಉತ್ತರದ ಟಿಕ್ ಒತ್ತಿದರೆ ಹಳೆಯದರದ್ದು ತಾನೇ ಆರುತ್ತದೆ, ಹಳಬರ 15 ಅಂಕ ಹಿಂದೆ ಹೋಗುತ್ತದೆ. ಅವರಿಗೆ ಬೇಸರವಾಗಬಹುದೆಂದು ಹಿಂಜರಿಯುವ ಬದಲು ಕೆಳಗೆ ಒಂದು ಸಾಲು ಹಾಕಿ: ‘ಆಗ ಇದರಿಂದಲೇ ಕೆಲಸ ಆಗಿತ್ತು, ಹೊಸ ಆವೃತ್ತಿಯಲ್ಲಿ ನಡೆಯುತ್ತಿಲ್ಲ, ಹಾಗಾಗಿ ಟಿಕ್ ಆ ಕಡೆ ಹಾಕಿದ್ದೇನೆ.’ ಎಷ್ಟೋ ಸಲ ಅದನ್ನು ನೋಡಿ ಅವರೇ ತಮ್ಮ ಉತ್ತರ ತಿದ್ದುತ್ತಾರೆ, ಆಗ ಮತ್ತೆ ಪರೀಕ್ಷಿಸಿ ನೋಡಬೇಕಾಗುತ್ತದೆ.