ಬಿತ್ತುವ ಮೊದಲೇ ನೋಡಿ: ನಿಮ್ಮ ಭತ್ತ ನೀರಿನಡಿ ಮೊಳೆಯುತ್ತಾ?

ನೇರ ಬಿತ್ತನೆ ಮಾಡಿದ ರಾತ್ರಿಯೇ ಮಳೆ ಸುರಿದು ಗದ್ದೆ ತುಂಬಿದರೆ ಬೀಜ ಅಲ್ಲೇ ಕೊಳೆಯುತ್ತದೆ. ‘ನೆರೆ ತಾಳುವ ತಳಿ ಅಲ್ವಾ?’ ಎಂದು ರೈತರು ಕೇಳುತ್ತಾರೆ. ನೆರೆ ತಾಳುವ ಭತ್ತವೆಂದು ಹೆಸರಾದ ಸ್ವರ್ಣ-ಸಬ್1 ತಳಿಯ ಸಬ್1ಎ ಜೀನ್ (ವಂಶವಾಹಿ) ಒಡಿಶಾದ ಎಫ್‌ಆರ್13ಎ ಭತ್ತದಿಂದ ಬಂದದ್ದು. ಬೆಳೆದ ಪೈರು ಮುಳುಗಿದಾಗ ಅದು ಬೆಳವಣಿಗೆ ತಡೆದು ಶಕ್ತಿ ಉಳಿಸುತ್ತದೆ. ಮೊಳೆಯುವ ಬೀಜಕ್ಕೆ ಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ: ಬೇಗ ಉದ್ದವಾಗಿ ಗಾಳಿ ಮುಟ್ಟಬೇಕು. ಅದಕ್ಕೆ ನೆರವಾಗುವ ಟಿಪಿಪಿ7 ಜೀನ್ ಮ್ಯಾನ್ಮಾರ್‌ನ ಖಾವ್ ಹ್ಲಾನ್ ಆನ್ ಎಂಬ ನಾಟಿ ಭತ್ತದಲ್ಲಿ ಸಿಕ್ಕಿತು. 2015ರಲ್ಲಿ ಅದರ ವಿವರ ಪ್ರಕಟವಾಯಿತು. ಈ ಜೀನ್ ಇದ್ದರೆ ಬೀಜ ತನಗೆ ಸಕ್ಕರೆ ಸಾಲದು ಎಂದುಕೊಂಡು, ಕೂಡಿಟ್ಟ ಪಿಷ್ಟವನ್ನು ಒಡೆದು ಮೊಳಕೆಗೆ ಕಳಿಸುತ್ತಲೇ ಇರುತ್ತದೆ. ಗೋಧಿ, ಬಾರ್ಲಿ ಬೀಜಗಳಿಗೆ ಗಾಳಿಯಿಲ್ಲದೆ ಪಿಷ್ಟ ಒಡೆಯಲು ಆಗುವುದಿಲ್ಲ.

ಚೀಲದ ಮೇಲಿನ ಮಾತು ನಂಬಬೇಡಿ. ಮನೆಯಲ್ಲೇ ನೋಡಿ.

ಉಪ್ಪು ನೀರಿನಲ್ಲಿ ಜೊಳ್ಳು ತೇಲಿಸಿ ತೆಗೆಯಿರಿ. ಉಳಿದ ಬೀಜ ತೊಳೆದು ಒಣಗಿಸಿ. ಎರಡು ಟಬ್‌ಗಳಿಗೆ ಗದ್ದೆ ಮಣ್ಣು ತುಂಬಿ, ತಲಾ 50 ಬೀಜ ಅರ್ಧ ಸೆಂ.ಮೀ. ಆಳಕ್ಕೆ ಹಾಕಿ. ಹೊಸದಾಗಿ ಕೊಯ್ದ ಭತ್ತ ಬೇಡ, ಅದಿನ್ನೂ ನಿದ್ದೆಯಲ್ಲಿರುತ್ತದೆ. ತೆಳು ಪ್ಲಾಸ್ಟಿಕ್ ಟಬ್ಬೂ ಬೇಡ, ನೀರು ತುಂಬಿದರೆ ಉಬ್ಬಿ ವಾಲುತ್ತದೆ. ಒಂದು ಟಬ್ಬಿಗೆ ಮಾಮೂಲಿ ತೇವ ಸಾಕು.

ಎಡವುವುದು ಇನ್ನೊಂದರಲ್ಲಿ. ಬೀಜ ನೆನೆಸಿ, ಮೊಳಕೆ ಕಟ್ಟಿ ಹಾಕುತ್ತಾರೆ. ಆಗ ಪರೀಕ್ಷೆಯೇ ಸುಳ್ಳು. ಒಣ ಬೀಜವನ್ನೇ ಹಾಕಿ, ತಕ್ಷಣ ನೀರು ನಿಲ್ಲಿಸಿ. ಮಣ್ಣಿನ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ನಿಧಾನ ಸುರಿಯಿರಿ. ಬೀಜ ಕದಲಬಾರದು. ತುಂಬಿದ ಮೇಲೆ ಬಟ್ಟೆ ಮೆಲ್ಲಗೆ ತೆಗೆಯಿರಿ. ಮಣ್ಣಿನಿಂದ 10 ಸೆಂ.ಮೀ. ಮೇಲೆ ಗೆರೆ ಎಳೆದು, ದಿನಾ ಅಲ್ಲಿಯವರೆಗೆ ನೀರು ತುಂಬಿಸಿ. ಎರಡು ದಿನ ಮರೆತು ನೀರು ಇಳಿದರೆ ಕುಂಟು ಬೀಜವೂ ಪಾಸಾಗುತ್ತದೆ. ಸುಮ್ನೆ ಲೋಟದ ನೀರಿನಲ್ಲಿ ಬೀಜ ಹಾಕಿ ನೋಡುವುದೂ ಬೇಡ. ಗಾಳಿಯನ್ನು ಜಾಸ್ತಿ ಕಬಳಿಸುವುದು ಮಣ್ಣಿನ ಸೂಕ್ಷ್ಮಜೀವಿಗಳೇ.

ಪರಿಚಯದ ರೈತರೊಬ್ಬರು ಒಂದು ವಾರಕ್ಕೇ ಫೋನ್ ಮಾಡಿ ‘ಎಲ್ಲಾ ಬಂತು’ ಎಂದರು. ಹೋಗಿ ಒಂದನ್ನು ಕಿತ್ತು ನೋಡಿದೆ. ದಾರದಷ್ಟು ತೆಳುವಾದ ಬಿಳಿ ಕೊಳವೆ, ಒಳಗೆ ಟೊಳ್ಳು. ಬೇರೂ ಇಲ್ಲ, ಎಲೆಯೂ ಇಲ್ಲ. ಗಾಳಿಗಾಗಿ ಬೀಜ ಮೊದಲು ಕಳಿಸುವುದು ಇದನ್ನೇ. ತುದಿ ನೀರಿನ ಮೇಲೆ ಬಂದರೆ ಮಾತ್ರ ಬೇರು, ಎಲೆ ಚೆನ್ನಾಗಿ ಹೊರಡುತ್ತವೆ. ಹತ್ತು ದಿನ ಕಳೆದು ನೋಡಿದಾಗ ಅವರ ಟಬ್ಬಿನಲ್ಲಿ ಆ ಕೊಳವೆಗಳಲ್ಲಿ ಮುಕ್ಕಾಲು ಪಾಲು ಕರಗಿಹೋಗಿದ್ದವು. ಹಾಗಾಗಿ 21ನೇ ದಿನದವರೆಗೆ ಕಾಯಿರಿ. ನೀರಿನ ಮೇಲೆ ಹಸಿರು ಎಲೆ ಕಂಡದ್ದನ್ನು ಮಾತ್ರ ಎಣಿಸಿ.

ಲೆಕ್ಕ ತೇವದ ಟಬ್ಬಿನ ಜೊತೆಗೇ ಹಿಡಿಯಬೇಕು. ಅಲ್ಲಿ 45 ಬಂದು ಇಲ್ಲಿ 9 ಬಂದರೆ ಐದರಲ್ಲಿ ಒಂದು ಉಳಿಯಿತು ಎಂದರ್ಥ. ಅಂಥ ಬೀಜವನ್ನು ನೀರು ನಿಲ್ಲುವ ತಗ್ಗಿನ ಗದ್ದೆಗೆ ನೇರ ಬಿತ್ತಬೇಡಿ. ಸಸಿಮಡಿ ಮಾಡಿ ನಾಟಿ ಹಾಕಿ.